ಪುಣೆಯ ಓದು, ಕನ್ನಡದ ಬರಹ: ಕಾದಂಬರಿಕಾರ ಗಳಗನಾಥರು



ಕನ್ನಡದ ಐತಿಹಾಸಿಕ ಕಾದಂಬರಿಗೆ ಓದುಗರನ್ನು ಗಳಿಸಿಕೊಟ್ಟವರಲ್ಲಿ ಗಳಗನಾಥರು ಮುಂಚೂಣಿಯವರು. ಪೂರ್ಣ ಹೆಸರು ವೆಂಕಟೇಶ ತಿರಕೊ ಕುಲಕರ್ಣಿ. 1869ರಲ್ಲಿ ಹಾವೇರಿ ತಾಲ್ಲೂಕಿನ ಗಳಗನಾಥ ಗ್ರಾಮದಲ್ಲಿ ಹುಟ್ಟಿದ ಅವರು ಊರ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡರು, 1942ರಲ್ಲಿ ತೀರಿಕೊಂಡರು. ವೃತ್ತಿಯಿಂದ ಕನ್ನಡ ಶಾಲೆಯ ಮಾಸ್ತರರು. 1898ರಲ್ಲಿ ಪ್ರಕಟವಾದ 'ಪ್ರಬುದ್ಧ ಪದ್ಮನಯನೆ'ಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ಬಂದಿತು. ಅಲ್ಲಿಂದ ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಅವರ ಲೇಖನಿ ನಿಲ್ಲಲಿಲ್ಲ. 'ಕಾದಂಬರಿ ಪಿತಾಮಹ' ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿದ್ದು ಈ ದುಡಿಮೆಯಿಂದಲೇ.

ಈ ಉಪನ್ಯಾಸದ ವ್ಯಾಪ್ತಿ ಸೀಮಿತವಾದದ್ದು. ಗಳಗನಾಥರ ಎಲ್ಲ ಕೃತಿಗಳ ವಿಮರ್ಶೆ ಇಲ್ಲಿನ ಉದ್ದೇಶವಲ್ಲ. ಅವರು ಏನನ್ನು ಓದಿದರು, ಆ ಓದು ಎಲ್ಲಿಂದ ಬಂತು, ಬರೆಯುವ ಕ್ರಮ ಹೇಗಿತ್ತು, ಬರೆದದ್ದು ಓದುಗರ ಮನೆ ಮುಟ್ಟಿದ ಬಗೆ ಯಾವುದು ಎಂಬುದಷ್ಟೇ ಇಲ್ಲಿಯ ವಿಷಯ. ಇದೆಲ್ಲಕ್ಕೂ ನರಗುಂದ ಮತ್ತು ಗಜೇಂದ್ರಗಡದ ಚರಿತ್ರೆಗೂ ಸಂಬಂಧವಿರುವುದರಿಂದ ಮೊದಲು ಈ ನೆಲದ ಮಾತು.

ಗಳಗನಾಥರ ಕಾಲಕ್ಕೆ ಹಾವೇರಿ, ರೋಣ, ನರಗುಂದ ಎಲ್ಲವೂ ಮುಂಬಯಿ ಪ್ರಾಂತದ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಈ ಹಳೆಯ ಜಿಲ್ಲೆಯ ಬಹುಭಾಗದಲ್ಲಿ 1818ರವರೆಗೆ ಪೇಶವೆಯವರ ಆಳಿಕೆ ನಡೆದಿತ್ತು. ನರಗುಂದದ ಗುಡ್ಡದ ಕೋಟೆ ಭಾವೆ ಮನೆತನದ ಕೈಯಲ್ಲಿತ್ತು, ಗಜೇಂದ್ರಗಡ ಘೋರ್ಪಡೆಯವರದು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ಕೋಟೆ ಬಿದ್ದಮೇಲೆ ವೆಂಕಟರಾವ್ ಭಾವೆಯನ್ನು ಸೆರೆಹಿಡಿದು ಮೈಸೂರು ಸೀಮೆಗೆ ಒಯ್ದರು. ಅಲ್ಲಿಂದ ಹೊತ್ತಿದ ಮರಾಠ-ಮೈಸೂರು ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಲ್ಲಿ. ಬಾದಾಮಿ, ನರಗುಂದ, ಕಿತ್ತೂರುಗಳನ್ನು ಟಿಪ್ಪು ಬಿಟ್ಟುಕೊಡಬೇಕಾಯಿತು. ಅಂದರೆ ಶಾಲೆಯ ಪುಸ್ತಕದಲ್ಲಿ 'ಮರಾಠರ ಇತಿಹಾಸ' ಎಂದು ಬರುವ ಅಧ್ಯಾಯದ ಒಂದೆರಡು ಪುಟ ಈ ತಾಲ್ಲೂಕುಗಳ ಊರ ಚರಿತ್ರೆಯೇ ಆಗಿದೆ.

ಆಳಿಕೆಯ ಜೊತೆ ಭಾಷೆಯೂ ಬಂದಿತ್ತು. ಊರ ಲೆಕ್ಕ, ಇನಾಮು ಕಾಗದ, ಪತ್ರವ್ಯವಹಾರ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯುತ್ತಿದ್ದವು. ಕುಲಕರ್ಣಿ ಮನೆಗಳಲ್ಲಿ ಊಟ, ಜಗಳ, ಜೋಗುಳ ಎಲ್ಲ ಕನ್ನಡದಲ್ಲಿ. ಬರವಣಿಗೆ ಮಾತ್ರ ಮರಾಠಿಯಲ್ಲಿ. ಇಂಗ್ಲಿಷರು ಬಂದಮೇಲೆಯೂ ಬಹುಕಾಲ ಮರಾಠಿ ಶಾಲೆಗಳದೇ ಮೇಲುಗೈ. ಡೆಪ್ಯೂಟಿ ಚನ್ನಬಸಪ್ಪನವರಂಥವರು ಪಟ್ಟು ಹಿಡಿದು ಕನ್ನಡ ಶಾಲೆ ತೆರೆಸಿ, ಮಾಸ್ತರರನ್ನು ತಯಾರು ಮಾಡಿಸಿದ ಬಳಿಕ ಕನ್ನಡ ಓದಬಲ್ಲ ಒಂದು ತಲೆಮಾರು ಎದ್ದು ನಿಂತಿತು. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿ, ಕನ್ನಡದಲ್ಲಿ ಪುಸ್ತಕ ಬರೆದವರಿಗೆ ಬಹುಮಾನ ಕೊಡತೊಡಗಿತು. ಗಳಗನಾಥರು ಈ ತಲೆಮಾರಿನ ಮಾಸ್ತರರು. ಅಕ್ಷರ ಕಲಿತ ಮಕ್ಕಳು ಮುಂದೆ ಕನ್ನಡದಲ್ಲಿ ಓದಲಿಕ್ಕೆ ಏನಿದೆ ಎಂಬ ಪ್ರಶ್ನೆ ಅವರಿಗೆ ದಿನನಿತ್ಯ ತರಗತಿಯಲ್ಲೇ ಎದುರಾಗುವಂಥದ್ದು.

ಇನ್ನು ಅವರ ಓದಿನ ವಿಷಯ.

ಗಳಗನಾಥರ ಓದಿನಲ್ಲಿ ಎರಡು ಧಾರೆಗಳು ಕೂಡಿವೆ. ಒಂದು, ಪುರಾಣ, ಭಾರತ, ವೇದಾಂತ. ಇನ್ನೊಂದು, ಪುಣೆಯಿಂದ ಬರುತ್ತಿದ್ದ ಹೊಸ ಮರಾಠಿ ಗದ್ಯ. ಮೊದಲನೆಯದು ಮನೆತನದಿಂದ, ಪರಿಸರದಿಂದ ಬಂದದ್ದು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹುಟ್ಟಿದ ಭಾರತವನ್ನು ಸಂಜೆಯ ಹೊತ್ತು ಕೂತು ಕೇಳುವ ರೂಢಿ ಈ ಸೀಮೆಯಲ್ಲಿ ಆಗ ಇನ್ನೂ ಗಟ್ಟಿಯಾಗಿತ್ತು. ಎರಡನೆಯದು ಅವರೇ ಅರಸಿ ಹೋದದ್ದು, ಅವರ ಕಾದಂಬರಿಗಳಿಗೆ ನೇರವಾಗಿ ಕಾರಣವಾದದ್ದೂ ಅದೇ.

ಮರಾಠಿಯಲ್ಲಿ ಐತಿಹಾಸಿಕ ಕಾದಂಬರಿಯ ಬೆಳೆ ಬೇಗ ಬಂದಿತ್ತು. ಗುಂಜೀಕರರ 'ಮೋಚನಗಡ' 1871ರದು. ಅದನ್ನು ಎತ್ತರಕ್ಕೆ ಒಯ್ದವರು ಹರಿ ನಾರಾಯಣ ಆಪ್ಟೆ. ಗಳಗನಾಥರಿಗಿಂತ ಐದು ವರ್ಷ ದೊಡ್ಡವರಾದ ಆಪ್ಟೆ 1890ರಲ್ಲಿ 'ಕರಮಣೂಕ' ಎಂಬ ಪತ್ರಿಕೆ ತೆಗೆದು, ತಮ್ಮ ಕಾದಂಬರಿಗಳನ್ನು ಅದರಲ್ಲಿ ಕಂತುಕಂತಾಗಿ ಅಚ್ಚು ಹಾಕಿದರು. ಶಿವಾಜಿಯ ಕಾಲ, ರಜಪೂತರ ಕಾಲ, ಚಂದ್ರಗುಪ್ತನ ಕಾಲ, ವಿಜಯನಗರದ ಕೊನೆಗಾಲ ಎಲ್ಲ ಅವರ ಕೈಗೆ ಬಂದವು. ಈ ಓದಿನ ಬೇರು ಹುಡುಕುತ್ತ ಹೋದರೆ ಒಂದು ವಿನೋದವೂ ಕಾಣುತ್ತದೆ. ಆಪ್ಟೆಯವರು ಟಿಪ್ಪುವಿನ ಮೇಲೆ ಬರೆದ ಕಾದಂಬರಿಗೆ ಆಧಾರ ಮೆಡೋಸ್ ಟೇಲರ್‌ನ ಇಂಗ್ಲಿಷ್ ಪುಸ್ತಕ. ಆ ಟೇಲರ್ ಹತ್ತಾರು ವರ್ಷ ನೌಕರಿ ಮಾಡಿದ್ದು ಸುರಪುರದಲ್ಲಿ. ಕನ್ನಡ ನಾಡಿನಲ್ಲಿ ಕೂತಿದ್ದ ಸಾಹೇಬನ ಕತೆಗಾರಿಕೆ ಪುಣೆಗೆ ಹೋಗಿ ಮರಾಠಿಯಾಯಿತು. ಪುಣೆಯ ಮರಾಠಿ ಕಾದಂಬರಿ ಹಾವೇರಿ ಸೀಮೆಗೆ ಬಂದು ಕನ್ನಡವಾಯಿತು.

ಗಳಗನಾಥರ ಆಯ್ಕೆ ಎಂಥದ್ದು ಎಂದು ತಿಳಿಯಬೇಕಾದರೆ ಅವರ ಸಮಕಾಲೀನರ ಪಕ್ಕದಲ್ಲಿ ಇಟ್ಟು ನೋಡಬೇಕು. ಬಾಗಲಕೋಟೆಯ ಕಡೆಯ ಕೆರೂರು ವಾಸುದೇವಾಚಾರ್ಯರು ವಕೀಲರು, ಇಂಗ್ಲಿಷ್ ಬಲ್ಲವರು. ಶೇಕ್ಸ್‌ಪಿಯರನ ವೆನಿಸ್ಸಿನ ವರ್ತಕ ಅವರ ಕೈಯಲ್ಲಿ ಸೂರತ್ತಿನ ಶ್ರೇಷ್ಠಿಯಾದ. ಮೈಸೂರಿನ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು 1885ರ ಹೊತ್ತಿಗೇ ಬಂಕಿಮಚಂದ್ರರ 'ದುರ್ಗೇಶನಂದಿನಿ'ಯನ್ನು ಕನ್ನಡಕ್ಕೆ ತಂದಿದ್ದರು. ವೆಂಕಟಾಚಾರ್ಯರ ಓದುಗರಿಗೆ ಬಂಗಾಳದ ಕೋಟೆಗಳು ದೂರದವು; ಕತೆ ರುಚಿಸಿದರೆ ಸಾಕಿತ್ತು. ಗಳಗನಾಥರ ಓದುಗನ ಸ್ಥಿತಿ ಬೇರೆ. ಗಜೇಂದ್ರಗಡದ ಪೇಟೆಯಲ್ಲಿ ನಿಂತವನಿಗೆ ತಲೆ ಎತ್ತಿದರೆ ಕೋಟೆ ಕಾಣುತ್ತದೆ. ಕಿಲ್ಲೇದಾರ, ಸರದಾರ, ಜಹಗೀರು, ಸನದು ಎಂಬ ಮಾತುಗಳಿಗೆ ಅವನಿಗೆ ಟಿಪ್ಪಣಿ ಬೇಕಿಲ್ಲ. ಅವು ಕಚೇರಿಯ, ಕಟ್ಟೆಯ ಮಾತುಗಳೇ. ಮರಾಠಿಯಿಂದ ಬಂದ ಐತಿಹಾಸಿಕ ಕಾದಂಬರಿ ಉತ್ತರ ಕರ್ನಾಟಕದಲ್ಲಿ ಅಷ್ಟು ಬೇಗ ಬೇರು ಬಿಟ್ಟಿದ್ದಕ್ಕೆ ಅನುವಾದಕರ ಜಾಣ್ಮೆಯಷ್ಟೇ ಈ ಪರಿಚಯವೂ ಕಾರಣ.

ಆಪ್ಟೆಯವರ 'ಗಡ ಆಲಾ ಪಣ ಸಿಂಹ ಗೇಲಾ' ಗಳಗನಾಥರ 'ಕಮಲಕುಮಾರಿ'ಗೆ ಮೂಲ. 1670ರಲ್ಲಿ ತಾನಾಜಿ ಮಾಲುಸರೆ ಕೊಂಡಾಣಾ ಕೋಟೆಯನ್ನು ಗೆದ್ದು ಪ್ರಾಣ ಕೊಟ್ಟ ಪ್ರಸಂಗ ಅದರ ಬೆನ್ನೆಲುಬು. ಸತಿ ಹೋಗಲು ಹೊರಟ ರಜಪೂತ ಹೆಣ್ಣೊಬ್ಬಳನ್ನು ಕಿಲ್ಲೇದಾರ ಉದಯಭಾನು ಹಿಡಿದೊಯ್ಯುವಲ್ಲಿಂದ ಕತೆಯ ಗಂಟು ಬೀಳುತ್ತದೆ. ಮರಾಠಿ ಹೆಸರಿನಲ್ಲಿ ಗಡ ಮತ್ತು ವೀರ ಇದ್ದರೆ ಗಳಗನಾಥರ ಪುಸ್ತಕಕ್ಕೆ ಆ ಹೆಣ್ಣಿನದೇ ಹೆಸರು. 'ಪದ್ಮನಯನೆ', 'ಕುಮುದಿನಿ' ಎಂಬ ಹೆಸರುಗಳನ್ನೂ ಇದರ ಜೊತೆಗಿಟ್ಟರೆ ಅವರ ಅಭಿರುಚಿಯ ಒಲವು ತಿಳಿಯುತ್ತದೆ. ಯುದ್ಧ ಅವರಿಗೆ ಬೇಕು. ಆದರೆ ಯುದ್ಧದ ತೂಕ ಒಂದು ಮನೆಯ ಮೇಲೆ, ಒಬ್ಬ ಹೆಣ್ಣಿನ ಬಾಳಿನ ಮೇಲೆ ಬಿದ್ದಾಗಲೇ ಕತೆ ಬೆಳೆಯುತ್ತದೆ.

ಓದಿನ ಮಾತು ಇಷ್ಟಾಯಿತು. ಬರವಣಿಗೆಯ ರೂಢಿಗಳಿಗೆ ಬಂದರೆ ಮೊದಲು ಹೇಳಬೇಕಾದದ್ದು ಮಾಸಪತ್ರಿಕೆಯ ಗಡುವನ್ನು. 1907ರಲ್ಲಿ ಹಾವೇರಿ ಹತ್ತಿರದ ಅಗಡಿಯಿಂದ 'ಸದ್ಬೋಧ ಚಂದ್ರಿಕೆ' ಹೊರಟಿತು. ಶೇಷಾಚಲ ಸದ್ಗುರುಗಳ ಆನಂದವನ ಅದರ ನೆಲೆ; ಗಳಗನಾಥರು ಅದರ ಲೇಖನಿ. ಹೆಸರೇ ಹೇಳುವಂತೆ ಅದು ಧರ್ಮ, ನೀತಿಗಳ ಪತ್ರಿಕೆ. ಆದರೆ ಓದುಗರು ತಿಂಗಳು ತಿಂಗಳೂ ಕಾದಿದ್ದು ಅದರಲ್ಲಿ ಬರುತ್ತಿದ್ದ ಕಾದಂಬರಿಗಾಗಿ. ಆ ಕಾಲಕ್ಕೆ ದೊಡ್ಡದೆನಿಸಿದ ಚಂದಾದಾರರ ಬಳಗ ಚಂದ್ರಿಕೆಗೆ ಇತ್ತು. ಮುಂದೆ 'ಸದ್ಗುರು' ಎಂಬ ಪತ್ರಿಕೆಯನ್ನೂ ಗಳಗನಾಥರು ನಡೆಸಿದರು.

ಕಂತಿನ ಬರವಣಿಗೆ ಗದ್ಯದ ಮೇಲೆ ತನ್ನ ಗುರುತು ಬಿಟ್ಟೇ ಬಿಡುತ್ತದೆ. ಗಳಗನಾಥರ ಪ್ರಕರಣಗಳು ಬಹುಮಟ್ಟಿಗೆ ಒಂದು ಸ್ಥಳದ ವರ್ಣನೆಯಿಂದಲೋ ಒಂದು ನೀತಿಯ ಮಾತಿನಿಂದಲೋ ಆರಂಭವಾಗುತ್ತವೆ, ಬಳಿಕ ಸಂಭಾಷಣೆ, ಕೊನೆಗೆ ಮುಂದೇನು ಎಂದು ಕೇಳಿಸುವಂಥ ತಿರುವು. ತಿಂಗಳ ಹಿಂದೆ ಓದಿದ್ದು ಮರೆತಿರಬಹುದೆಂದು ಹಿಂದಿನ ಸಂಗತಿಯನ್ನು ಇನ್ನೊಮ್ಮೆ ನೆನಪಿಸುವ ಸಾಲುಗಳಿವೆ. ನಡುವೆ ಲೇಖಕ ಕತೆ ನಿಲ್ಲಿಸಿ ವಾಚಕರನ್ನು ಕರೆದು ಮಾತಾಡಿಸುತ್ತಾನೆ. ಇಂದು ಪುಸ್ತಕವಾಗಿ ಒಂದೇ ಸಲ ಓದುವವರಿಗೆ ಇದು ಎಳೆದಂತೆ ಕಾಣುವುದು ಸಹಜ. ಆದರೆ ಆ ಕಾಲದ ಓದು ಒಬ್ಬರು ಮೂಲೆಯಲ್ಲಿ ಕೂತು ಮಾಡುವ ಓದಾಗಿರಲಿಲ್ಲ. ಮನೆಯಲ್ಲಿ ಅಕ್ಷರ ಬಲ್ಲವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಅವರು ಗಟ್ಟಿಯಾಗಿ ಓದಿದರೆ ಉಳಿದವರು, ಅದರಲ್ಲೂ ಹೆಣ್ಣುಮಕ್ಕಳು, ಕೇಳಬೇಕು. ಭಾರತ ವಾಚನಕ್ಕೆ ಒಗ್ಗಿದ ಕಿವಿಗೆ ಕತೆ ನಿಲ್ಲಿಸಿ ಎರಡು ಮಾತು ಹೇಳುವ ಗಮಕಿ ಹೊಸಬನಲ್ಲ. ಗಳಗನಾಥರ ಉಪದೇಶದ ಸಾಲುಗಳನ್ನು ಮರಾಠಿಯ ಅನುಕರಣೆ ಎಂದು ತಳ್ಳಿಹಾಕುವವರು ಈ ಕೇಳುಗರನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಅನುವಾದವೂ ಅವರಿಗೆ ಬರವಣಿಗೆಯ ಅಭ್ಯಾಸವೇ ಆಗಿತ್ತು. ಸಾಲಿಗೆ ಸಾಲು ಇಳಿಸುವ ಅನುವಾದ ಅದಲ್ಲ. ಬಿಡುವುದು, ಸೇರಿಸುವುದು, ಒತ್ತು ಬದಲಿಸುವುದು ಧಾರಾಳವಾಗಿ ನಡೆಯುತ್ತಿತ್ತು. ವರ್ಣನೆಯ ಭಾಗದಲ್ಲಿ ಸಂಸ್ಕೃತ ಸಮಾಸಗಳ ಮೆರವಣಿಗೆ. ಪಾತ್ರಗಳು ಬಾಯಿ ತೆರೆದಾಗ ಮಾತು ಹಗುರಾಗುತ್ತದೆ. ಈ ಎರಡರ ನಡುವಿನ ಜಿಗಿತ ಕೆಲವೊಮ್ಮೆ ಒರಟಾದದ್ದು ನಿಜ. ಆದರೂ ಸಂಭಾಷಣೆಯಲ್ಲಿ ಕತೆ ನಡೆಸುವ ಕಲೆಯನ್ನು ಕನ್ನಡ ಗದ್ಯ ಕಲಿತ ಶಾಲೆಗಳಲ್ಲಿ ಈ ಅನುವಾದಗಳೂ ಒಂದು.

'ಕನ್ನಡಿಗರ ಕರ್ಮಕಥೆ'ಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬಹುದು. ಆಪ್ಟೆಯವರ 'ವಜ್ರಾಘಾತ' ಅದರ ಮೂಲ. ವಸ್ತು 1565ರ ವಿಜಯನಗರದ ಪತನ. ಯುದ್ಧ ನಡೆದ ರಕ್ಕಸಗಿ-ತಂಗಡಗಿಯ ಸೀಮೆ ಗಜೇಂದ್ರಗಡದಿಂದ ಉತ್ತರಕ್ಕೆ, ಕೃಷ್ಣೆಯ ದಂಡೆಯಲ್ಲಿದೆ. ಕಾದಂಬರಿ ಈ ಮಹಾಪತನದ ಕಾರಣವನ್ನು ಒಂದು ಗುಪ್ತ ಪ್ರಣಯದಲ್ಲಿ ಹುಡುಕುತ್ತದೆ. ವಿಜಯನಗರದ ರಾಮರಾಯ ಯೌವನದಲ್ಲಿ ಮೆಹರ್‌ಜಾನ್ ಎಂಬವಳನ್ನು ಪ್ರೀತಿಸಿ, ಅರಮನೆಯ ಅಳಿಯನಾಗುವ ಆಸೆಗೆ ಅವಳ ಕೈಬಿಡುತ್ತಾನೆ. ಅವಳ ಮಗ ರಣಮಸ್ತಖಾನ ವಿಜಾಪುರದ ಪಕ್ಷದವನಾಗಿ ಬೆಳೆದು, ತಂದೆ ಯಾರೆಂದು ತಿಳಿಯದೆ ತಂದೆಗೆ ಎದುರಾಗಿ ನಿಲ್ಲುತ್ತಾನೆ. ಚರಿತ್ರೆಯಲ್ಲಿ ಇದಕ್ಕೆ ಆಧಾರವಿಲ್ಲ. ರಾಮರಾಯ ಮುದಿವಯಸ್ಸಿನಲ್ಲಿ ರಣರಂಗದಲ್ಲೇ ಸೆರೆಸಿಕ್ಕು, ಅಹಮದನಗರದ ಹುಸೇನ್ ನಿಜಾಂಶಾಹನ ಆಜ್ಞೆಯಂತೆ ತಲೆ ಕಳೆದುಕೊಂಡನೆಂಬುದು ಇತಿಹಾಸಕಾರರ ಮಾತು. ಆದರೆ ಕಾದಂಬರಿಗೆ ಬೇಕಾದದ್ದು ಬೇರೆ. ದೊಡ್ಡ ರಾಜ್ಯ ಹೊರಗಿನ ಏಟಿಗಿಂತ ಒಳಗಿನ ಪಾಪದಿಂದ ಬೀಳುತ್ತದೆ ಎಂಬ ಪುರಾಣದ ತರ್ಕ ಇಲ್ಲಿ ಇತಿಹಾಸದ ವೇಷ ತೊಟ್ಟಿದೆ. ಕರ್ಮಫಲದ ಲೆಕ್ಕವನ್ನು ಗಳಗನಾಥರು ಮನಸಾರೆ ನಂಬಿದವರು. ಅವರ ಎರಡು ಓದುಗಳು, ಪುಣೆಯದೂ ಪುರಾಣದ್ದೂ, ಈ ಪುಸ್ತಕದಲ್ಲಿ ಬೆರೆತಷ್ಟು ಬೇರೆಲ್ಲೂ ಬೆರೆತಂತಿಲ್ಲ. ಮೆಹರ್‌ಜಾನಳ ಅಳಲಿಗೆ ಸಿಕ್ಕ ಜಾಗ ನೋಡಿದರೆ ಪಕ್ಷಪಾತ ಯಾರ ಕಡೆಗೆ ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ.

ಮೂರನೆಯ ವಿಷಯ ಪುಸ್ತಕ ಮಾರಾಟದ್ದು. ಬರವಣಿಗೆಯ ಚರ್ಚೆಯಲ್ಲಿ ಇದಕ್ಕೇನು ಕೆಲಸ ಎನಿಸಬಹುದು. ಗಳಗನಾಥರ ಮಟ್ಟಿಗೆ ಎರಡೂ ಬೇರೆಯಲ್ಲ. ಅಚ್ಚಾದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಪುಸ್ತಕದಂಗಡಿ ಎಂಬುದು ಧಾರವಾಡ, ಹುಬ್ಬಳ್ಳಿಯಂಥ ಪಟ್ಟಣ ಬಿಟ್ಟರೆ ಇರಲಿಲ್ಲ. ಕೊಳ್ಳುವವನ ಮನೆಯ ಕಟ್ಟೆಯ ಮೇಲೆ ಕೂತು, ಕತೆಯ ಎಳೆ ಹೇಳಿ, ಪುಸ್ತಕ ಕೊಟ್ಟು ಏಳಬೇಕು. ಹಿಂದಿನ ಪುಸ್ತಕ ಹೇಗಿತ್ತು, ಯಾವ ಪಾತ್ರಕ್ಕೆ ಕಣ್ಣೀರು ಬಂತು, ಎಲ್ಲಿ ಬೇಸರವಾಯಿತು ಎಂಬ ಮಾತು ನೇರವಾಗಿ ಲೇಖಕನ ಕಿವಿಗೇ ಬೀಳುತ್ತದೆ. ವಿಮರ್ಶೆಯ ಪತ್ರಿಕೆಗಳಿಲ್ಲದ ಕಾಲದಲ್ಲಿ ಇದಕ್ಕಿಂತ ದೊಡ್ಡ ವಿಮರ್ಶೆ ಯಾವುದು? ಅವರ ಗದ್ಯದಲ್ಲಿ ವಾಚಕರನ್ನು ಕರೆದು ಮಾತಾಡುವ ದನಿ ಅಷ್ಟು ಸಲೀಸಾಗಿ ಬರುವುದಕ್ಕೆ ಈ ತಿರುಗಾಟವೂ ಒಂದು ಕಾರಣವಿರಬೇಕು. ಆ ವಾಚಕರ ಮುಖ ಅವರಿಗೆ ಗೊತ್ತಿತ್ತು.

ಅವರ ಈ ಶ್ರಮವನ್ನು ಕನ್ನಡ ಸೇವೆ ಎಂದು ಕೊಂಡಾಡುವುದು ವಾಡಿಕೆ. ಕೊಂಡಾಟದಲ್ಲಿ ತಪ್ಪಿಲ್ಲ. ಆದರೆ ತಾನೇ ಬರೆದು, ತಾನೇ ಪತ್ರಿಕೆ ನಡೆಸಿ, ತಾನೇ ಹೊತ್ತು ಮಾರಬೇಕಾದ ಲೇಖಕನಿಗೆ ತಿದ್ದಿ ಬರೆಯುವ ಪುರುಸೊತ್ತು ಎಷ್ಟು ಉಳಿದೀತು ಎಂಬುದನ್ನೂ ಕೇಳಬೇಕು. ಕೃತಿಗಳ ಸಂಖ್ಯೆ ಬೆಳೆದಷ್ಟು ಬಿಗಿ ಬೆಳೆಯಲಿಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಅಲ್ಲಿದೆ.

ಇನ್ನು ಕೊನೆಯ ವಿಷಯ: ಈ ಓದು ಬರಹಗಳಲ್ಲಿ ಕನ್ನಡ ನಾಡಿನ ಚರಿತ್ರೆಗೆ ಜಾಗ ದೊರೆತದ್ದು ಯಾವಾಗ, ಎಷ್ಟು?

ಇಲ್ಲಿ ರೋಣ ತಾಲ್ಲೂಕಿನ ಹೆಸರು ಬರುತ್ತದೆ. ಮಲಪ್ರಭೆಯ ದಂಡೆಯ ಹೊಳೆಆಲೂರಿನ ಮನೆತನದವರಾದ ಆಲೂರು ವೆಂಕಟರಾಯರು ಪುಣೆಯಲ್ಲೇ ಓದಿದವರು, ಟಿಳಕರ ಅಭಿಮಾನಿಗಳು. ಮುಂದೆ ಟಿಳಕರ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದವರು. 1905ರಲ್ಲಿ ಹಂಪಿಯ ಹಾಳು ಕಂಡು ಅವರ ಬದುಕಿನ ದಿಕ್ಕೇ ಬದಲಾಯಿತು. 1917ರಲ್ಲಿ ಅವರ 'ಕರ್ನಾಟಕ ಗತವೈಭವ' ಹೊರಬಂದಿತು. ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳು ಕನ್ನಡಿಗರ ಸ್ವಂತ ಆಸ್ತಿ ಎಂಬ ಭಾವನೆ ಮುಂಬಯಿ ಕರ್ನಾಟಕದ ಓದುಬಲ್ಲವರಲ್ಲಿ ಹಬ್ಬಿತು. ಇದಾಗಿ ಆರು ವರ್ಷಕ್ಕೆ, 1923ರಲ್ಲಿ, ಗಳಗನಾಥರ 'ಮಾಧವ ಕರುಣಾ ವಿಲಾಸ' ಪ್ರಕಟವಾಯಿತು. ವಿದ್ಯಾರಣ್ಯರು, ಹಕ್ಕಬುಕ್ಕರು, ವಿಜಯನಗರದ ಸ್ಥಾಪನೆ ಅದರ ವಸ್ತು. ಮರಾಠಿ ಮೂಲವಿಲ್ಲದ ಸ್ವತಂತ್ರ ಕೃತಿ ಅದು. ಪತನದ ಕತೆಯನ್ನು ಮೊದಲು ಮರಾಠಿಯಿಂದ ತಂದವರು ಉದಯದ ಕತೆಯನ್ನು ತಾವೇ ಕಟ್ಟಿದರು. ಗಳಗನಾಥ ಗ್ರಾಮ ಇರುವುದು ವರದಾ ನದಿ ತುಂಗಭದ್ರೆಯನ್ನು ಸೇರುವಲ್ಲಿ. ಅದೇ ಹೊಳೆ ಕೆಳಗೆ ಹರಿದು ಹಂಪಿ ಮುಟ್ಟುತ್ತದೆ. ಊರ ಹೊಳೆಯ ಚರಿತ್ರೆಗೆ ಬರಲು ಅವರಿಗೆ ಐವತ್ತು ದಾಟಬೇಕಾಯಿತು.

ಇಷ್ಟಾದರೂ ಒಂದು ವಸ್ತು ಅವರ ಪ್ರಸಿದ್ಧ ಕಾದಂಬರಿಗಳ ಸಾಲಿನಲ್ಲಿ ಕಾಣುವುದಿಲ್ಲ: 1858ರ ನರಗುಂದದ ಬಂಡಾಯ. ಅವರು ಹುಟ್ಟುವ ಹನ್ನೊಂದು ವರ್ಷ ಮುಂಚೆ ನಡೆದದ್ದು ಅದು. ನರಗುಂದದ ದೊರೆಯ ದತ್ತಕಕ್ಕೆ ಸರಕಾರ ಒಪ್ಪಿಗೆ ಕೊಡಲಿಲ್ಲ. ಆಯುಧ ಒಪ್ಪಿಸುವ ಕಾನೂನು ಬಂತು. ಮುಂಡರಗಿ ಭೀಮರಾಯ ಬಂಡೆದ್ದ. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ಕೋಟೆ ಇಂಗ್ಲಿಷರ ವಶವಾಗಿ, ಜೂನ್ 12ರಂದು ದೊರೆ ಬಾಬಾಸಾಹೇಬ ಭಾಸ್ಕರರಾವ್ ಭಾವೆಯನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಈ ಬಾಬಾಸಾಹೇಬ ಓದಿನ ಮನುಷ್ಯ. ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರ ಅವನಲ್ಲಿತ್ತೆಂದು ಆ ಕಾಲದ ಇಂಗ್ಲಿಷ್ ಅಧಿಕಾರಿಗಳ ಬರಹಗಳಲ್ಲೇ ಇದೆ. ಗ್ರಂಥಭಂಡಾರ, ಕೋಟೆ, ದತ್ತಕದ ಕೊರಗು, ಒಂದು ರಾತ್ರಿಯ ದುಡುಕು: ಗಳಗನಾಥರ ಅಭಿರುಚಿಗೆ ಇದಕ್ಕಿಂತ ಹೊಂದುವ ವಸ್ತು ಸಿಗುವುದು ಕಷ್ಟ.

ಅದು ಕಾದಂಬರಿಯಾಗದೆ ಉಳಿಯಲು ಕಾರಣಗಳನ್ನು ಊಹಿಸಬಹುದು. ಆಪ್ಟೆಯವರ ಸರಣಿಯಲ್ಲಿ ಅದಕ್ಕೆ ಮಾದರಿ ಇರಲಿಲ್ಲ. 1910ರ ಪ್ರೆಸ್ ಕಾಯ್ದೆಯಡಿ ಸರಕಾರ ಠೇವಣಿ ಕೇಳಬಹುದಿತ್ತು, ಮುದ್ರಣಾಲಯ ಮುಟ್ಟುಗೋಲು ಹಾಕಬಹುದಿತ್ತು. ಶಿವಾಜಿಯ ಕಾಲದ ಮೊಗಲರ ಮೇಲೆ ಬರೆದಷ್ಟು ನಿರಾತಂಕವಾಗಿ ಕಂಪನಿ ಸರಕಾರದ ಮೇಲೆ ಬರೆಯಲಾಗುತ್ತಿರಲಿಲ್ಲ. ಓದುಗರಿಗೂ ಗೊತ್ತಿತ್ತು, ಕತೆಯ ಮೊಗಲ ಕಿಲ್ಲೇದಾರನ ಹಿಂದೆ ಯಾರನ್ನು ಕಾಣಬೇಕೆಂದು. ಇಂಗ್ಲಿಷರ ವಿರುದ್ಧದ ಬಂಡಾಯಗಳ ನೆನಪು ಆ ಕಾಲದಲ್ಲಿ ಉಳಿದದ್ದು ಲಾವಣಿಗಳಲ್ಲಿ. ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿ ಬೇಡರ ಹಾಡುಗಳನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ. ಬಂಡಾಯದ ಹಾಡನ್ನು ಸರಕಾರದ ಅಧಿಕಾರಿಯೇ ಅಚ್ಚಿಗೆ ತಂದದ್ದು ಆ ಕಾಲದ ವಿಚಿತ್ರಗಳಲ್ಲಿ ಒಂದು.

ಗಳಗನಾಥರ ನಂತರದವರ ಓದಿನ ಮೂಲ ಬದಲಾಯಿತು. ಅ.ನ.ಕೃ. ವಿಜಯನಗರವನ್ನು ಒಂದು ಕಾದಂಬರಿ ಮಾಲೆಯಾಗಿಯೇ ಬರೆದರು. ತ.ರಾ.ಸು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ದಿಂದ 1982ರ 'ದುರ್ಗಾಸ್ತಮಾನ'ದವರೆಗೆ ಚಿತ್ರದುರ್ಗವೊಂದನ್ನೇ ಹಿಡಿದು ಬರೆದರು. ಅವರ ಮುಂದೆ ಎಂ.ಎಸ್. ಪುಟ್ಟಣ್ಣನವರ 'ಚಿತ್ರದುರ್ಗದ ಪಾಳಯಗಾರರು' ಇತ್ತು, ಬಖೈರುಗಳಿದ್ದವು, ಶಾಸನಗಳ ಅಚ್ಚಾದ ಸಂಪುಟಗಳಿದ್ದವು. 1898ರಲ್ಲಿ ಬರೆಯಲು ಕೂತ ಹಾವೇರಿ ಸೀಮೆಯ ಶಾಲಾ ಮಾಸ್ತರರಿಗೆ ಕನ್ನಡದಲ್ಲಿ ಅಂಥ ಸಾಮಗ್ರಿ ಕೈಗೆಟಕುವಂತಿರಲಿಲ್ಲ. ಪುಣೆಯಿಂದ ಬರುವ ಅಂಚೆ ಇತ್ತು.